ಮಾವನ ಪಕ್ಕದ ಮೊಳೆ

ಅಂಗಡಿಯವನು ನನ್ನ ಚಿತ್ರವನ್ನು ಎರಡು ಬೆರಳಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಮ್ಯಾಡಮ್, ಚಿತ್ರಾಪೇಕ್ಷಾ ಫ್ರೇಮ್ ಮಹಾಗ ಪಡೇಲ" ಎಂದ. ಅವನ ಮರಾಠಿಯ ಅರ್ಥ, ಚಿತ್ರಕ್ಕಿಂತ ಚೌಕಟ್ಟೇ ತುಟ್ಟಿ ಬೀಳುತ್ತದಂತೆ. ಚೌಕಟ್ಟಿನ ಬೆಲೆ ಅವನಿಗೆ ಗೊತ್ತಿರಬಹುದು, ನನ್ನ ಚಿತ್ರದ ಬೆಲೆ ಅವನಿಗೆ ಹೇಳಿದವರು ಯಾರು? ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟು ಬೇಗ ಹೋಗುವುದಿಲ್ಲ. ಚಿತ್ರವನ್ನು ಮತ್ತೆ ಹಳೆ ಸೀರೆಯಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತಿದೆ. ಕೊಂಢವಾದಲ್ಲಿರುವ ನಮ್ಮ ಮನೆ ಬರುವ ಹೊತ್ತಿಗೆ, ಚೌಕಟ್ಟು ನಾನೇ ಮಾಡುತ್ತೇನೆ ಎಂದು ತೀರ್ಮಾನಿಸಿಬಿಟ್ಟಿದ್ದೆ. ಹುಟ್ಟಿದಾಗಿನಿಂದ ಗರಗಸ ಮುಟ್ಟಿದವಳಲ್ಲ, ಅದು ಬೇರೆ ಮಾತು.

ನಮ್ಮ ಕಡೆಯ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಸದಸ್ಯರ ಚಿತ್ರಗಳನ್ನು ಗೋಡೆಗೆ ಹಾಕುವವರಿದ್ದರು. ಚೌಕಟ್ಟು ಇಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು. ನೌಕರಿ ಬಿಟ್ಟ ಮೇಲೆ ಚಿತ್ರ ಕಲಿತವಳು ನಾನು. ಬರೆದದ್ದನ್ನೆಲ್ಲ ಕಪಾಟಿನ ಹಿಂದೆ ಗೋಡೆಗೆ ಆನಿಸಿ ಇಡುತ್ತಿದ್ದೆ, ಚಿತ್ರ ಕಲಿಸುವವರನ್ನು ಬಿಟ್ಟರೆ ಹೊರಗಿನವರು ಒಬ್ಬರೂ ನೋಡಿರಲಿಲ್ಲ. ಅದರಲ್ಲಿ ಕಳಿಸಬೇಕೆನಿಸಿದ್ದು ಒಂದೇ: ನನ್ನ ಅತ್ತೆ ಅಡಿಗೆಮನೆಯ ನೆಲದ ಮೇಲೆ ಕೂತು ರೊಟ್ಟಿ ಬಡಿಯುವ ಚಿತ್ರ. ಮನೆಯಲ್ಲಿ ಎಲ್ಲರೂ ಅವ್ವ ಅನ್ನುತ್ತಾರೆ, ನಾನೂ ಅವ್ವ ಅನ್ನುತ್ತೇನೆ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ಆಮೇಲೆ ನೆಲಕ್ಕೆ ಕೂಡುವುದು ತಪ್ಪಿತು, ರೊಟ್ಟಿ ತಪ್ಪಿತು, ಮಾತೂ ಕಡಿಮೆಯಾಯಿತು. ವಾಕರ್ ಹಿಡಿದು ಹಾಲ್‌ವರೆಗೆ ಬರ್ರಿ ಎಂದರೆ "ಬಂದು ಏನ ಮಾಡಲಿ?" ಎನ್ನುತ್ತಿದ್ದರು.

ನನ್ನ ಗಂಡ ತಳೇಗಾಂವದ ಕಾರ್ಖಾನೆಯಲ್ಲಿದ್ದಾರೆ. ಅಲ್ಲಿ ಯಂತ್ರಗಳು ಬರುವ ಕಟ್ಟಿಗೆ ಪೆಟ್ಟಿಗೆಗಳನ್ನು ಒಡೆದು ಮೂಲೆಗೆ ಒಗೆಯುತ್ತಾರೆ. ಸಾಹೇಬರನ್ನು ಕೇಳಿ ಒಂದಿಷ್ಟು ಪಟ್ಟಿ ತಂದುಕೊಟ್ಟರು. ಬಾಲ್ಕನಿಯಲ್ಲಿ ಕೂತು ಮೊಳೆ ಕಿತ್ತೆ, ಉಜ್ಜಿದೆ, ತುದಿಗಳನ್ನು ಓರೆಯಾಗಿ ಕೊಯ್ದೆ. ನಾಲ್ಕು ಪಟ್ಟಿ ಅಂಟಿಸಿದ ಮೇಲೆ ಬಿಗಿಯಾಗಿ ಹಿಡಿಯಲು ಏನೂ ಇರಲಿಲ್ಲ. ಪರಕರದ ಲಾಡಿ ಬಿಚ್ಚಿ ಸುತ್ತಲೂ ಕಟ್ಟಿ, ಲಟ್ಟಣಿಗೆ ತೂರಿಸಿ ತಿರುವಿದೆ. ಬೆಳಿಗ್ಗೆ ಎದ್ದು ಲಾಡಿ ಬಿಚ್ಚಿ ನೋಡಿದರೆ ನಾಲ್ಕೂ ಮೂಲೆ ಬಾಯಿ ಬಿಟ್ಟುಕೊಂಡು ಕೂತಿದ್ದವು.

"ಭಾಳ ಛಂದ ಆಗ್ಯದ," ಎಂದರು ನನ್ನ ಗಂಡ, ಚಹಾ ಕುಡಿಯುತ್ತ. "ಇದರಾಗ ಹಲ್ಲಿ ಸಂಸಾರ ಹೂಡಬಹುದು."

ನಾನು ಎರಡು ದಿನ ಅವರಿಗೆ ಬರೀ ಅನ್ನ ಸಾರು ಹಾಕಿದೆ.

ಅವ್ವ ಮಾತ್ರ ಮಂಚದಿಂದಲೇ ಕೈ ಚಾಚಿದರು. "ತಾ ಇಲ್ಲೆ ನೋಡೂಣು." ಮೂಲೆಯ ಸಂದಿಯಲ್ಲಿ ಉಗುರು ತೂರಿಸಿ ನೋಡಿ, "ಕಾಗದ ನೆನಿ ಹಾಕು. ಮೆಂತ್ಯಾನೂ ಹಾಕು, ಕೈ ಸಡಲ ಬಿಟ್ಟು ಹಾಕು" ಎಂದರು. ಧಾರವಾಡದ ಮನೆಗಳಲ್ಲಿ ಹಿಂದೆ ಹಳೆ ಕಾಗದ, ಮೆಂತ್ಯ ನೆನೆಸಿ ಅರೆದು, ಆ ಮುದ್ದೆಯಿಂದ ಬುಟ್ಟಿ ಮಾಡುತ್ತಿದ್ದರು. ಒಣಗಿದರೆ ಕಟ್ಟಿಗೆಯಷ್ಟು ಗಟ್ಟಿ, ಹುಳವೂ ಮುಟ್ಟುವುದಿಲ್ಲ. ಒಳಕಲ್ಲು ಎಲ್ಲಿಂದ ತರಲಿ? ಮಿಕ್ಸರಿನಲ್ಲೇ ಅರೆದೆ. ಮುಂದೆ ಎಷ್ಟೋ ದಿನ ನಮ್ಮ ಚಟ್ನಿಗೆಲ್ಲ ಮೆಂತ್ಯದ ವಾಸನೆ.

ಅವ್ವ ಹಾಲ್‌ನ ಕುರ್ಚಿಗೆ ಬಂದು ಕೂತರು, ತಾವಾಗಿಯೇ. ತೊಡೆಯ ಮೇಲೆ ಚೌಕಟ್ಟು ಇಟ್ಟುಕೊಂಡು ಸಂದಿಗೆ ಮುದ್ದೆ ಮೆತ್ತಿ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದರು. "ಏ ಹುಡುಗಿ, ನೀರು ಕೊಡ." ನಾನು ಕೊಟ್ಟೆ. "ಇಷ್ಟ್ಯಾಕ? ಕೆರಿ ತುಂಬಸ್ತೀ ಏನು?" ಅರವತ್ತರ ಹತ್ತಿರ ಬಂದ ನನ್ನನ್ನು ಹುಡುಗಿ ಎಂದು ಬೈಯುವ ಆ ದನಿ ಕೇಳದೆ ಎಷ್ಟು ದಿನವಾಗಿತ್ತೋ! ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಂದೆ.

ಮುದ್ದೆ ಒಣಗಿತು. ಬಾಲ್ಕನಿ ಗ್ರಿಲ್ಲಿಗೆ ಹಚ್ಚಿ ಉಳಿದಿದ್ದ ಕಂದು ಬಣ್ಣ ಬಳಿದೆ, ಚಿತ್ರ ಕೂಡಿಸಿದೆ, ಹಿಂದೆ ದಾರ ಕಟ್ಟಿದೆ. ಗೋಡೆಯ ಮೇಲೆ ಹೇಗೆ ಕಾಣುತ್ತದೆ ನೋಡಬೇಕಲ್ಲ! ನಮ್ಮದು ಕಾಂಕ್ರೀಟ್ ಗೋಡೆ, ಡ್ರಿಲ್ ಇಲ್ಲದೆ ಒಂದು ಮೊಳೆಯೂ ಹೋಗುವುದಿಲ್ಲ. ಹಾಲ್‌ನಲ್ಲಿ ಖಾಲಿ ಮೊಳೆ ಇದ್ದದ್ದು ಒಂದೇ, ತೆಂಕಣ ಗೋಡೆಯ ಮೇಲೆ. ಅಲ್ಲಿಗೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ.

ಆ ಗೋಡೆಯ ಮೇಲೆ ಗಂಧದ ಹಾರ ಹಾಕಿದ ನಮ್ಮ ಮಾವನ ಫೋಟೊ ಇದೆ. ಅವರು ತೀರಿಕೊಂಡ ಮೇಲೆ ಫೋಟೊ ಹಾಕಲು ಬಂದ ಡ್ರಿಲ್‌ನವನು ಕೇಳದೆಯೇ ಪಕ್ಕದಲ್ಲಿ ಇನ್ನೊಂದು ಮೊಳೆ ಕೂಡಿಸಿ, "ಪುಢೆ ಲಾಗೇಲಚ ಕೀ" ಎಂದಿದ್ದ. ಮುಂದೆ ಬೇಕಾಗುತ್ತದಲ್ಲ, ಎಂದು. ಆ ಮೊಳೆ ಯಾರಿಗಾಗಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವ್ವನಿಗೆ ಎಲ್ಲರಿಗಿಂತ ಹೆಚ್ಚು. ನನ್ನ ಚೌಕಟ್ಟಿನ ಸಂಭ್ರಮದಲ್ಲಿ ನನಗೆ ಮೊಳೆ ಕಂಡಿತು, ಅದರ ಅರ್ಥ ಕಾಣಲಿಲ್ಲ.

ಸ್ನಾನ ಮುಗಿಸಿ ಅವ್ವ ವಾಕರ್ ಸಪ್ಪಳ ಮಾಡುತ್ತ ಬಂದರು, ಗೋಡೆ ನೋಡಿದರು, ನಿಂತರು.

"ಹಾರ ತರೋದು ಮರತೀ ಏನು?" ಎಂದು ಕೇಳಿದರು.

ಅಷ್ಟೇ. ತಿರುಗಿ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ನಾನು ಓಡಿ ಚಿತ್ರ ಇಳಿಸಿದೆ, ಆದರೆ ನೋಡಿದ್ದು ನೋಡಿ ಆಗಿತ್ತು. ಅವತ್ತು ಊಟ ಬೇಡ ಎಂದರು. ಮರುದಿನ ನಡಿಗೆ ಕಲಿಸಲು ಬಂದ ಹುಡುಗಿಯನ್ನು ಬಾಗಿಲಿನಿಂದಲೇ ಕಳಿಸಿದರು. "ಬುದ್ಧಿ ಎಲ್ಲಿಟ್ಟಿದ್ದಿ?" ಎಂದು ಗಂಡ ಕೇಳಿದರೆ, "ನೀವು ಆ ಮೊಳಿ ಇಷ್ಟು ವರ್ಷ ಯಾಕ ಇಟ್ಟಿದ್ರಿ?" ಎಂದು ನಾನು ಹರಿಹಾಯ್ದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಕುರ್ಚಿಯವರೆಗೆ ಬಂದಿದ್ದ ಜೀವ ಮತ್ತೆ ಮಂಚಕ್ಕೆ ಅಂಟಿಕೊಂಡರೆ, ಇನ್ನೊಮ್ಮೆ ಏಳುತ್ತದೆ ಎಂಬ ಭರವಸೆ ಯಾರಿಗೂ ಇರಲಿಲ್ಲ.

ಹೀಗೇ ಕೆಲವು ದಿನ ಹೋದವು. ಕೊನೆಗೆ ಚಿತ್ರ ಮತ್ತು ಬಿಳಿ ಬಣ್ಣದ ಡಬ್ಬಿ ಎರಡನ್ನೂ ಹಿಡಿದು ಅವರ ಮಂಚದ ಮೇಲೆ ಕೂತೆ. "ಅವ್ವಾ, ಇದನ್ನ ಎಲ್ಲೂ ಕಳಸೂದಿಲ್ಲರಿ. ಬಿಳೇ ಬಣ್ಣ ಹೊಡದು ಅಳಸಿಬಿಡ್ತೀನಿ. ನಿಮ್ಮ ಮುಂದನ ಹೊಡೀತೀನಿ."

ಅವರು ಈ ಕಡೆ ಹೊರಳಿದರು. ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಅಳಸೂದು ಯಾಕ? ತಪ್ಪು ಅದಲ್ಲ. ಒಬ್ಬಾಕಿನ್ನ ಕೂಡಿಸೀದಿ, ಅದು ತಪ್ಪು. ಒಬ್ಬರ ಇದ್ರ ಸತ್ತವರ ಫೋಟೊನ ಅದು." ಬೆರಳಿನಿಂದ ಚಿತ್ರದ ಬಲಗಡೆಯ ಖಾಲಿ ಜಾಗ ತೋರಿಸಿದರು. "ಎದುರಿಗೆ ತಿನ್ನವ್ರು ಯಾರೂ ಇಲ್ಲ. ಯಾರ ಸಲುವಾಗಿ ಬಡೀಲಿಕತ್ತೀನಿ ನಾ?"

ಆ ಖಾಲಿ ಜಾಗ ಬಿಟ್ಟಿದ್ದಕ್ಕೆ ಚಿತ್ರ ಕಲಿಸುವವರು ನನ್ನನ್ನು ಹೊಗಳಿದ್ದರು. ಹೊಗಳಿಕೆ ಅತ್ತ ಇರಲಿ ಎಂದು, ಅಲ್ಲಿಯೇ ನನ್ನನ್ನು ಬರೆದೆ: ಮಂಡಿ ಊರಿ, ತಾಟು ಚಾಚಿ, ರೊಟ್ಟಿಗೆ ಕಾದು ಕೂತವಳು. ಅವ್ವ ಕುರ್ಚಿಗೆ ಬಂದು ಕೂತು ಹೇಳಿಕೊಟ್ಟರು. "ಇನ್ನಷ್ಟು ದಪ್ಪ ಮಾಡು. ಸುಳ್ಳು ಬರೀಬ್ಯಾಡ."

ಬಳಗದ ಸಭಾಗೃಹದಲ್ಲಿ ಅವ್ವ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. ಬಂದವರು ಚಿತ್ರ ನೋಡಿ ಅವರನ್ನು ನೋಡಿ ನಗುತ್ತಿದ್ದರು. ಬೆಳಗಾವಿ ಕಡೆಯ ಒಬ್ಬರು, "ಫ್ರೇಮ್ ಎಲ್ಲಿ ಮಾಡಿಸೀರಿ?" ಎಂದು ನನ್ನನ್ನು ಕೇಳಿದರೆ ಅವ್ವನೇ ಮುಂದಾಗಿ, "ಎಲ್ಲೂ ಇಲ್ಲರಿ, ನಾನ ಮಾಡೀನಿ. ಮೂಲ್ಯಾಗ ಮೂಗು ಹಚ್ಚಿ ನೋಡ್ರಿ, ಮೆಂತ್ಯ" ಎಂದರು. ಅವರು ಮೂಸಿ ನೋಡಿ ಹೌದ್ರಿ ಎಂದರು. ಆಮೇಲೆ ಚಿತ್ರ ನೋಡಿದವರಿಗಿಂತ ಚೌಕಟ್ಟು ಮೂಸಿದವರೇ ಹೆಚ್ಚು. ಗರಗಸ ಹಿಡಿದು ಬೊಬ್ಬೆ ಬರಿಸಿಕೊಂಡವಳು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿತ್ರ ಈಗ ಊಟದ ಟೇಬಲ್ಲಿನ ಮೇಲೆ, ಡ್ರಿಲ್ ಹಾಕಿಸಿದ ಹೊಸ ಮೊಳೆಯಲ್ಲಿದೆ. ಅವತ್ತೇ ಹಳೆ ಮೊಳೆಯನ್ನೂ ಕಿತ್ತುಬಿಡಲು ನನ್ನ ಗಂಡ ಇಕ್ಕಳ ಹಿಡಿದು ಹೋದರು.

"ಇರಲಿ ಬಿಡು," ಎಂದರು ಅವ್ವ. "ಮುಂದಿನ ವರ್ಷದ ಕ್ಯಾಲೆಂಡರ್ ಬಂದದಲ್ಲ, ಅದನ್ನ ಹಾಕು."

ಹಾಕಿದರು. ಅವ್ವ ವಾಕರ್ ಹಿಡಿದು ಎದ್ದು ಆ ಗೋಡೆಯವರೆಗೆ ತಾವೇ ನಡೆದು ಹೋದರು. ಮಾವನ ಫೋಟೊ ಕಡೆ ಒಮ್ಮೆ ನೋಡಿ, ಜನವರಿಯ ಹಾಳೆಯ ಮೇಲೆ ಬೆರಳು ಇಟ್ಟರು.

"ಏ ಹುಡುಗಿ, ಚಾಳೀಸು ತಾ. ಸಂಕ್ರಾಂತಿ ಭೋಗಿ ಯಾವತ್ತದ ನೋಡೂಣು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಈ ಸಲ ನಾನ ಬಡೀತೀನಿ. ಕೂಡಲಿಕ್ಕೆ ಬರದಿದ್ರ ನಿಂತು ಬಡೀತೀನಿ."

ನಾನು ಕನ್ನಡಕ ತರಲು ಒಳಗೆ ಓಡಿದೆ.