ಗೋಡೆ ಸೂರು ಮುಟ್ಟಿದ ಮೇಲೆ

ನಮ್ಮ ಮನೆಯ ಒಗ್ಗರಣೆಗೆ ಪಕ್ಕದ ಮನೆಯಲ್ಲಿ ಸೀನು ಬರುತ್ತಿತ್ತು ಎಂದರೆ ನೀವು ನಗಬಹುದು. ಆದರೆ ಹರಿಹರದ ಹಳೇ ಪೇಟೆಯ ನಮ್ಮ ಮನೆಯಲ್ಲಿ ಮೂವತ್ತು ವರ್ಷ ನಡೆದದ್ದು ಅದೇ. ನಾನು ಒಣಮೆಣಸಿನಕಾಯಿ ಮುರಿದು ಎಣ್ಣೆಗೆ ಬಿಟ್ಟೆನೆಂದರೆ ಗೋಡೆಯಾಚೆ ಜುಬೇದಾ ಎರಡು ಸಲ ಸೀನಿ, ಮೂರನೆಯದು ಬರುವ ಮೊದಲೇ ಹೊಲಿಗೆ ಮಿಷಿನ್ನು ನಿಲ್ಲಿಸಿ, "ಗಿರಿಜಕ್ಕಾ, ಒಂದು ಮೆಣಸಿನಕಾಯಿ ಕಮ್ಮಿ ಹಾಕಿದ್ರೆ ನಿಮ್ಮ ಯಜಮಾನ್ರು ಉಣ್ಣಂಗಿಲ್ಲೇನ್ರಿ?" ಎಂದು ಕೂಗುತ್ತಿದ್ದಳು. "ನಿನ್ನ ಮೂಗಿಗೆ ಒಂದು ಗುಂಡಿ ಹೊಲ್ಕೊಳ್ಳೇ" ಎಂದು ನಾನು ಕೂಗುತ್ತಿದ್ದೆ. ಇಬ್ಬರೂ ಕೂತಲ್ಲಿಂದ ಏಳುತ್ತಿರಲಿಲ್ಲ. ಏಳುವ ಅಗತ್ಯವೇ ಇರಲಿಲ್ಲ.

ಯಾಕೆಂದರೆ ಅವು ಎರಡು ಮನೆಗಳಾದರೂ ಸೂರು ಒಂದೇ. ನಮ್ಮ ಮಾವನವರ ಕಾಲದಲ್ಲಿ ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಅಡ್ಡಲಾಗಿ ಒಂದು ಮಣ್ಣಿನ ಗೋಡೆ ಎಬ್ಬಿಸಿದರಂತೆ. ಗೋಡೆ ಬಾಗಿಲಿನ ಎತ್ತರಕ್ಕಿಂತ ಒಂದು ಮೊಳ ಮೇಲೆ ಹೋಗಿ ನಿಂತಿತು. ಅದರ ಮೇಲೆ ತೊಲೆ, ಜಂತೆ, ನಾಡಹೆಂಚು ಎಲ್ಲ ಹಿಂದಿನಂತೆಯೇ ಈ ಗೋಡೆಯ ಗೊಡವೆಯೇ ಇಲ್ಲದೆ ಆ ತುದಿಯಿಂದ ಈ ತುದಿಯವರೆಗೆ ಮಲಗಿದ್ದವು. ಕೆಲವು ವರ್ಷಕ್ಕೆ ತಮ್ಮನವರು ತಮ್ಮ ಪಾಲನ್ನು ಮಾರಿದರು, ಕೊಂಡವರು ಇಮಾಮ್‌ಸಾಬರ ತಂದೆ. ಇಮಾಮ್‌ಸಾಬರು ದಾವಣಗೆರೆಯ ಒಂದು ಅಂಗಡಿಯಲ್ಲಿ ಪ್ಯಾಂಟು ಹೊಲಿಯುವವರು. ನಮ್ಮ ಯಜಮಾನರದು ಅಲ್ಲೇ ಕಬ್ಬಿಣದ ಸಾಮಾನಿನ ಅಂಗಡಿ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೋದರೆ ಬರುವುದು ರಾತ್ರಿಯೇ. ಹಗಲಿಡೀ ಆ ಸೂರಿನ ಕೆಳಗೆ ಉಳಿಯುತ್ತಿದ್ದವರು ನಾನು, ಗೋಡೆಯಾಚೆ ಕುಪ್ಪಸ ಹೊಲಿಯುವ ಇಮಾಮ್‌ಸಾಬರ ಹೆಂಡತಿ ಜುಬೇದಾ, ಇಬ್ಬರೇ. ಹಾಲು ಉಕ್ಕಿದ ವಾಸನೆ ಮೊದಲು ಯಾರಿಗೆ ಬಂದರೆ ಅವರು ಇನ್ನೊಬ್ಬರಿಗೆ ಹೇಳುವುದು, ನನ್ನ ಕುಕ್ಕರಿನ ಸೀಟಿಯನ್ನು ಅವಳು ಎಣಿಸುವುದು, ರಂಜಾನಿನಲ್ಲಿ ಅವಳು ಉಪವಾಸ ಬಿಡುವ ಹೊತ್ತಾಯಿತೆಂದು ನಾನು ಗಡಿಯಾರ ನೋಡಿ ಹೇಳುವುದು, ಇದೆಲ್ಲ ನಮಗೆ ಉಪಕಾರವೆಂದೂ ಅನಿಸಿರಲಿಲ್ಲ, ಸ್ನೇಹವೆಂದು ಹೆಸರಿಡುವ ಯೋಚನೆಯೂ ಬಂದಿರಲಿಲ್ಲ.

ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು. ಹಾಗೆಂದರೆ ಒಂದೊಂದೇ ಹೆಂಚನ್ನು ತೆಗೆದು, ಕಸ ಕೊಡವಿ, ಒಡೆದದ್ದನ್ನು ಬದಲಿಸಿ, ಮತ್ತೆ ಸಾಲಾಗಿ ಹೊದಿಸುವುದು. ಆ ಕೆಲಸಕ್ಕೆ ಪ್ರತಿ ವರ್ಷ ಕೊಕ್ಕನೂರಿನಿಂದ ಹನುಮಂತಪ್ಪ ಬರುತ್ತಿದ್ದ. ಗೋಡೆ ಎಲ್ಲಿದೆಯೆಂದು ಅವನಿಗೆ ಮೇಲಿನಿಂದ ಗೊತ್ತಾಗುತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಗೋಜಿಗೂ ಅವನು ಹೋಗುತ್ತಿರಲಿಲ್ಲ. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಗೆ ಇಳಿಯುತ್ತಿದ್ದ. ಊಟ ನಮ್ಮಲ್ಲಿ, ಚಹಾ ಅವರಲ್ಲಿ, ಕೂಲಿ ಅರ್ಧರ್ಧ.

ನಾನು ಈ ಹೆಂಚಿನ ಭಕ್ತೆಯಾಗಿದ್ದೆನೆಂದು ಮಾತ್ರ ತಿಳಿಯಬೇಡಿ. ಹೆಂಚಿನ ಮನೆಯ ಬಗ್ಗೆ ಚಂದಚಂದವಾಗಿ ಬರೆಯುವವರು ಅದರಲ್ಲಿ ಸಂಸಾರ ಮಾಡಿದವರಲ್ಲ ಎಂಬುದು ನನ್ನ ಗಟ್ಟಿ ಅನುಮಾನ. ಅನ್ನದ ತಟ್ಟೆಗೆ ಉದುರುವ ಮಣ್ಣು, ಜಂತೆಯಿಂದ ಇಣುಕುವ ಇಲಿ, ಬೆಕ್ಕು ಓಡಿದರೆ ಸರಿಯುವ ಹೆಂಚು, ಇದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಸಂಡಿಗೆ ಒಣಗಿಸಲು ನನ್ನದೇ ಒಂದು ತಾರಸಿ ಬೇಕು, ರೇಷ್ಮೆ ಸೀರೆಯ ಮೇಲೆ ಧೂಳು ಬೀಳದ ಒಂದು ಕೋಣೆ ಬೇಕು ಎಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಅದನ್ನು ಬಾಯಿಬಿಟ್ಟು ಹೇಳಲು ಒಂದು ನೆಪ ಬೇಕಿತ್ತು, ಅಷ್ಟೇ.

ನೆಪ ಆಕಾಶದಿಂದಲೇ ಬಿತ್ತು. ಹೋದ ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ, ಮಧ್ಯಾಹ್ನ ಮೂರರ ಹೊತ್ತಿಗೆ ಕತ್ತಲು ಕವಿದು ಗಾಳಿ ಎದ್ದಿತು. ಮೊದಲು ಯಾರೋ ಹುಡುಗರು ಕಲ್ಲು ತೂರುತ್ತಿದ್ದಾರೆಂದುಕೊಂಡು ಬೈಯಲು ಬಾಯಿ ತೆರೆದೆ; ಅಷ್ಟರಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಆಲಿಕಲ್ಲೊಂದು ಹೆಂಚು ಒಡೆದುಕೊಂಡು ಬಂದು ನನ್ನ ಕಾಲಬಳಿ ಬಿದ್ದು ಪುಟಿಯಿತು. "ಗಿರಿಜಕ್ಕಾ, ಮಂಚದ ಕೆಳಗೆ ಹೋಗ್ರಿ! ತಲೆ ಎತ್ತಬ್ಯಾಡ್ರಿ!" ಜುಬೇದಾಳ ದನಿ. ನಾನು ನನ್ನ ಮಂಚದ ಕೆಳಗೆ, ಅವಳು ಅವಳ ಮಂಚದ ಕೆಳಗೆ. ಮೇಲೆ ಮಡಕೆ ಅಂಗಡಿಗೆ ಗೂಳಿ ನುಗ್ಗಿದ ಸದ್ದು. "ಇದ್ದೀಯೇನೇ?" ಎಂದು ನಾನು ಕೂಗುವುದು, "ಇದ್ದೀನ್ರೀ" ಎಂದು ಅವಳು ಕೂಗುವುದು, ಮತ್ತೆ ಅವಳು ಕೇಳುವುದು, ನಾನು ಹೇಳುವುದು. ಕಾಲು ಗಂಟೆ ಇದೇ ನಡೆಯಿತು. ಹೊರಗೆ ಬಂದು ನೋಡಿದರೆ ನಡುಮನೆಯ ತುಂಬ ಬಿಳಿಯ ಆಲಿಕಲ್ಲು, ಕೆಂಪು ಹೆಂಚಿನ ಚೂರು. ತಲೆ ಎತ್ತಿದರೆ ಆಕಾಶ.

ಹನುಮಂತಪ್ಪನನ್ನು ಕರೆಸಿದೆವು. ಅವನು ಏಣಿ ಹತ್ತಿ ಎರಡೂ ಇಳಿಜಾರನ್ನು ನೋಡಿ, ಇಳಿದು ಬಂದು, ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡ ಮೇಲೆ ತೀರ್ಪು ಹೇಳಿದ. "ಅರ್ಧಕ್ಕರ್ಧ ಹೋಗೈತೆ ಅಕ್ಕಾರೆ. ನಾಡಹೆಂಚು ಸುಡೋರು ಈಗ ಯಾರೂ ಇಲ್ಲ, ಹೊಸದು ತರ್ತೀನಂದ್ರೆ ಸಿಗಂಗಿಲ್ಲ. ಉಳಿದ ಹೆಂಚೆಲ್ಲ ಕೂಡಿಸಿದ್ರೆ ಒಂದು ಮನೆಗೆ ಆಗ್ತಾವ. ಎರಡಕ್ಕೆ ಆಗಂಗಿಲ್ಲ."

ಆ ಮಳೆಗಾಲವನ್ನು ಎರಡೂ ಮನೆಯವರು ಒಂದೇ ದೊಡ್ಡ ತಾಡಪಾಲಿನ ಕೆಳಗೆ ಹೇಗೋ ಕಳೆದೆವು. ಒಳಗೊಳಗೇ ನಾನು ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಗೋಡೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಜುಬೇದಾ, ಹೆಂಚೆಲ್ಲ ನೀವೇ ಇಟ್ಕೊಳ್ರಿ. ನಾವು ಆರ್‌ಸಿಸಿ ಹಾಕಿಸ್ತೀವಿ." ಆಮೇಲೆ ಇಮಾಮ್‌ಸಾಬರೇ ಬೀದಿ ಬಾಗಿಲಿಗೆ ಬಂದು, ಟೋಪಿ ಸರಿಮಾಡಿಕೊಂಡು, "ದೊಡ್ಡ ಮನಸ್ಸು ಮಾಡಿದ್ರಿ ಅಕ್ಕಾರೆ. ನಮ್ಮ ಕೈಲಿ ಸ್ಲ್ಯಾಬ್ ಆಗ್ತಿರಲಿಲ್ಲ" ಎಂದರು. ಓಣಿಯಲ್ಲೆಲ್ಲ ನನ್ನ ಹೆಸರಾಯಿತು. ಆ ಹೊಗಳಿಕೆ ನನಗೆ ಸಿಹಿಯಾಗಿತ್ತು. ನನಗೆ ಬೇಕಾದ್ದನ್ನು ನಾನು ಪಡೆದು, ಬೇಡವಾದ್ದನ್ನು ಕೊಟ್ಟು, ದಾನಿ ಎನಿಸಿಕೊಂಡೆ.

ದಾವಣಗೆರೆಯಿಂದ ಬಂದ ಮೇಸ್ತ್ರಿ ಅಳತೆ ಹಿಡಿದು, ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಎಸ್ಟಿಮೇಟು ಬರೆದುಕೊಟ್ಟ. ಸಿಮೆಂಟು, ಕಬ್ಬಿಣ, ಮರಳು, ಜಲ್ಲಿ, ಸೆಂಟ್ರಿಂಗು, ಕೂಲಿ ಸೇರಿ ನಾಲ್ಕೂವರೆ ಲಕ್ಷ. ಹಳೆಯ ಮಣ್ಣುಗೋಡೆ ಸ್ಲ್ಯಾಬಿನ ಭಾರ ತಡೆಯುವುದಿಲ್ಲ, ಅದಕ್ಕೆ ಒತ್ತಿ ನಮ್ಮ ಕಡೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಕಟ್ಟಿ ಮೇಲಕ್ಕೆ ಮುಟ್ಟಿಸಬೇಕು ಎಂದ. ಯಜಮಾನರು ಕಬ್ಬಿಣ ಅಂಗಡಿಯಿಂದಲೇ ಬರುತ್ತದೆಂದು ಒಂದಿಷ್ಟು ಕಡಿಮೆ ಮಾಡಿಸಿದರು, ನಾನು ಎರಡು ಬಳೆ ಕೊಟ್ಟೆ. ಒಂದು ಸೂರನ್ನು ಬದಲಿಸಲು ಎಷ್ಟಾಗುತ್ತದೆಂದು ಈಗಲೂ ಯಾರಾದರೂ ನನ್ನನ್ನು ಕೇಳುತ್ತಾರೆ, ಯಾಕೆಂದರೆ ಆ ಆಲಿಕಲ್ಲು ನಮ್ಮ ಓಣಿಯಲ್ಲಿ ಬಹಳ ಮನೆಗಳನ್ನು ಕೆಡಿಸಿತ್ತು. ನಾನು ಆ ಲಗ್ನಪತ್ರಿಕೆಯ ಲೆಕ್ಕವನ್ನೇ ಹೇಳಿ ಸುಮ್ಮನಾಗುತ್ತೇನೆ. ಅದರಲ್ಲಿ ಬರೆಯದೇ ಉಳಿದದ್ದನ್ನು ಹೇಳಲು ನಾಲಿಗೆ ಏಳುವುದಿಲ್ಲ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಸಂಕ್ರಾಂತಿಯ ಹೊತ್ತಿಗೆ ಮನೆ ಸಿದ್ಧವಾಯಿತು. ಹೆಂಚಿನ ಸಾಲನ್ನು ನೆತ್ತಿಯಿಂದ ಕೊಯ್ದು ಬೇರೆ ಮಾಡಿದ ದಿನ ಹನುಮಂತಪ್ಪ ನಮ್ಮ ಪಾಲಿನ ಹೆಂಚನ್ನೆಲ್ಲ ಆ ಕಡೆ ಹೊದಿಸಿದ. ನಮ್ಮ ಕಡೆ ಗೋಡೆ ಸೂರು ಮುಟ್ಟಿತು. ಗಿಲಾವು ಒಣಗಿ, ತಿಳಿನೀಲಿ ಬಣ್ಣ ಬಳಿದ ಮೇಲೆ ನಾನು ಮೊದಲ ಮಧ್ಯಾಹ್ನ ಮಲಗಿದೆ. ಮಿಷಿನ್ನಿನ ಕಟಕಟವಿಲ್ಲ, ಗೋಡೆಯಾಚೆಯ ರೇಡಿಯೋ ಇಲ್ಲ, ಸೀನಿಲ್ಲ, ಕೆಮ್ಮಿಲ್ಲ. ಎಷ್ಟು ವರ್ಷದ ಮೇಲೆ ಅಂಥ ನಿದ್ದೆ ಬಂತೋ! ಫೋನಿನಲ್ಲಿ ಮಗಳು, "ಇನ್ನಾದ್ರೂ ಒಂಚೂರು ಪ್ರೈವಸಿ ಸಿಕ್ತಲ್ಲಮ್ಮ" ಎಂದಾಗ ಹೂಂ ಎಂದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಆ ನಿಶ್ಶಬ್ದ ನನಗೆ ಹಿತವಾಗಿತ್ತು. ಜುಬೇದಾಳನ್ನು ನೋಡಬೇಕೆಂದರೆ ಈಗ ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಬೀದಿ ಸುತ್ತಿ ಹೋಗಬೇಕು. ಹಾಗೆ ಹೋಗಲು ಒಂದು ಕಾರಣ ಬೇಕು. ಕಾರಣವಿಲ್ಲದೆ ಮಾತಾಡುತ್ತಿದ್ದವರು ನಾವು, ಕಾರಣ ಹುಡುಕುವುದು ನಮಗೆ ಬರಲಿಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ಹದಿನೈದು ದಿನಕ್ಕೊಮ್ಮೆ.

ಶಿವರಾತ್ರಿ ಕಳೆದ ವಾರ, ಒಂದು ಮಂಗಳವಾರ. ಅಂದು ನಾನು ಚಟ್ನಿಪುಡಿ ಮಾಡಿದೆ, ಮಿಕ್ಸಿ ತೊಳೆದಿಟ್ಟೆ, ಊಟ ಮಾಡಿ ಮಲಗಿದೆ. ಮೂರು ಗಂಟೆಗೆ ಬೀದಿಯಲ್ಲಿ ಹೂ ಮಾರುವ ರತ್ನಮ್ಮ ಬೊಬ್ಬೆ ಹಾಕುವುದು ಕೇಳಿ ಎದ್ದು ಹೋದೆ. ಹೊಲಿಯಲು ಕೊಟ್ಟ ಕುಪ್ಪಸ ಕೇಳಲು ಅವಳು ಜುಬೇದಾಳ ಬಾಗಿಲು ತಳ್ಳಿದ್ದಳು. ಜುಬೇದಾ ಗೋಡೆಯ ಬುಡದಲ್ಲಿ ಬಿದ್ದಿದ್ದಳು. ಬಾಯಿ ಓರೆಯಾಗಿತ್ತು, ಬಲಗೈ ಬಲಗಾಲು ಅವಳದಲ್ಲವೆಂಬಂತೆ ಬಿದ್ದಿದ್ದವು, ಕಣ್ಣು ಮಾತ್ರ ತೆರೆದಿತ್ತು. ಒಲೆಯ ಮೇಲೆ ಬೇಳೆ ಸೀದು, ಪಾತ್ರೆ ಕರಿಕಾಗಿ, ಮನೆಯೆಲ್ಲ ಹೊಗೆ. ಬೇಳೆಯನ್ನು ಅವಳು ಒಲೆಗೇರಿಸುವುದು ಹನ್ನೊಂದಕ್ಕೆ. ಅದು ನನಗೆ ಗೊತ್ತಿರುವಷ್ಟು ಅವಳ ಗಂಡನಿಗೂ ಗೊತ್ತಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಯಾವಾಗ ಬಿದ್ದದ್ದು ಎಂದು ಕೇಳಿದರು. ಹನ್ನೊಂದು ಎಂದೆ. ಅವರು ಕೈಗಡಿಯಾರ ನೋಡಿಕೊಂಡು, "ಒಂದೆರಡು ತಾಸು ಮೊದಲು ತಂದಿದ್ರೆ ಒಂದು ಇಂಜೆಕ್ಷನ್ ಇತ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಜೀವ ಉಳಿಯಿತು. ಮಾತು ಬರಲಿಲ್ಲ.

ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಅವಳ ಬಟ್ಟೆ ತರಲು ನಾನೊಬ್ಬಳೇ ಆ ಮನೆಗೆ ಹೋದೆ. ಅವಳು ಬಿದ್ದಿದ್ದ ಜಾಗದಲ್ಲಿ ನೆಲದಿಂದ ಒಂದು ಗೇಣಿನ ಎತ್ತರದಲ್ಲಿ ಮಣ್ಣುಗೋಡೆಯ ಸುಣ್ಣ ಉದುರಿ, ಚುಕ್ಕೆಚುಕ್ಕೆಯಾಗಿ ಗುಳಿ ಬಿದ್ದಿತ್ತು. ಕೆಳಗೆ ಅವಳ ದೊಡ್ಡ ಕಬ್ಬಿಣದ ಕತ್ತರಿ, ಅದರ ಹಿಡಿಕೆಗೆ ಮಣ್ಣು. ಎಡಗೈಯಿಂದ ಬಡಿದಿದ್ದಾಳೆ. ಮೂವತ್ತು ವರ್ಷದಿಂದ ಆ ಗೋಡೆಯಾಚೆ ನಾನಿದ್ದೆ, ಕರೆದರೆ ಓ ಎನ್ನುತ್ತಿದ್ದೆ, ಇವತ್ತೂ ಅನ್ನುತ್ತೇನೆಂದು ನಂಬಿ ಬಡಿದಿದ್ದಾಳೆ. ಬಡಿಯುವಷ್ಟೂ ಹೊತ್ತು ನಾನು ಆಚೆ ಇದ್ದೆ, ಮಿಕ್ಸಿ ತಿರುಗಿಸುತ್ತಿದ್ದೆ, ಆಮೇಲೆ ಕೈಯಳತೆಯ ದೂರದಲ್ಲೇ ಮಲಗಿದ್ದೆ. ನನ್ನ ಕಡೆಯ ತಿಳಿನೀಲಿ ಗೋಡೆಯ ಮೇಲೆ ಒಂದು ಗೆರೆಯೂ ಇಲ್ಲ. ಅಲ್ಲೇ ಕುಕ್ಕರಿಸಿ ಕೂತು ಜೋರಾಗಿ ಅತ್ತೆ. ಆ ಅಳುವೂ ಯಾರಿಗೂ ಕೇಳಿಸಲಿಲ್ಲ.

ಇಮಾಮ್‌ಸಾಬರ ಮುಂದೆ ಕೈಮುಗಿದು ತಪ್ಪಾಯಿತೆಂದೆ. ಅವರು ಗಾಬರಿಯಾಗಿ, "ನಿಮ್ಮದೇನು ತಪ್ಪೈತೆ ಅಕ್ಕಾರೆ? ನಮ್ಮ ತಲೆ ಮೇಲೆ ಹೆಂಚು ಹೊದಿಸ್ದೋರು ನೀವು" ಎಂದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಗೋಡೆಯಲ್ಲಿ ಒಂದು ಕಿಟಕಿ ಕೊರೆಸೋಣವೆಂದು ನಾನು ಮೇಸ್ತ್ರಿಯನ್ನೂ ಕರೆಸಿದ್ದೆ. ಅವನು ಆಗುತ್ತದೆಂದ, ಖರ್ಚನ್ನೂ ಹೇಳಿದ. ಆಮೇಲೆ ನಾನೇ ಬೇಡವೆಂದು ಕಳಿಸಿಬಿಟ್ಟೆ. ಆಚೆಯಿಂದ ಕರೆಯುವ ದನಿಯೇ ಇಲ್ಲದ ಮೇಲೆ ಆ ಕಿಟಕಿಯ ಎದುರು ನಾನು ಹೇಗೆ ಅಡಿಗೆ ಮಾಡಲಿ?

ಈಗ ದಿನಾ ಹನ್ನೊಂದಕ್ಕೆ ಬೀದಿ ಸುತ್ತಿ ಹೋಗುತ್ತೇನೆ. ಇಮಾಮ್‌ಸಾಬರು ಅರ್ಧ ದಿನದ ಕೆಲಸಕ್ಕೆ ಇಳಿದು ಆ ಹೊತ್ತಿಗೆ ಹೊರಡುತ್ತಾರೆ, ಅವರು ಬರುವವರೆಗೆ ನಾನು ಕೂತಿರುತ್ತೇನೆ. ಅವಳ ತಲೆ ಬಾಚುತ್ತೇನೆ, ಗಂಜಿ ಕುಡಿಸುತ್ತೇನೆ, ಓಣಿಯ ಸುದ್ದಿ ಹೇಳುತ್ತೇನೆ. ಒಂದು ಮಾತು ಮಾತ್ರ ಹೇಳದೆ ಉಳಿದಿತ್ತು. ಮೊನ್ನೆ ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ದಿನ ಅದೂ ಹೊರಬಂತು. "ಜುಬೇದಾ, ನೀನು ಬಡಿದಿದ್ದು ನಂಗೆ ಕೇಳಿಸ್ಲಿಲ್ಲ ಕಣೇ. ಮಲಗಿದ್ದೆ" ಎಂದೆ. ಅವಳು ನನ್ನನ್ನೇ ನೋಡಿದಳು. ಮಳೆ ಜೋರಾಯಿತು. ಈ ವರ್ಷ ಹನುಮಂತಪ್ಪನಿಗೆ ಮಂಡಿನೋವು, ಹೆಂಚು ಕೈಯಾಡಿಸಿರಲಿಲ್ಲ. ಅವಳ ಮಂಚದ ಪಕ್ಕದಲ್ಲೇ ಎರಡು ಕಡೆ ಸೋರತೊಡಗಿತು. ನಾನು ಎದ್ದು ಒಂದು ಕಡೆ ಬಕೆಟ್ಟು, ಇನ್ನೊಂದು ಕಡೆ ಬೋಗುಣಿ ಇಟ್ಟು ಬಂದು ಕೂತೆ.

ಆಗ ಅವಳು ಎಡಗೈಯನ್ನು ನಿಧಾನವಾಗಿ ಎತ್ತಿ ನಮ್ಮ ಗೋಡೆಯತ್ತ ತೋರಿಸಿದಳು. ಆಮೇಲೆ ಬೆರಳನ್ನು ಮೇಲಕ್ಕೆ ಮಾಡಿ, ಅಂಗೈ ತಿರುಗಿಸಿ, ನನ್ನನ್ನೇ ನೋಡುತ್ತ ಹುಬ್ಬು ಹಾರಿಸಿದಳು. ನನಗೆ ಮೊದಲು ತಿಳಿಯಲಿಲ್ಲ. ಅವಳು ಸೋರುವ ಜಾಗಕ್ಕೊಮ್ಮೆ, ನಮ್ಮ ಕಡೆಗೊಮ್ಮೆ ಕೈ ಮಾಡಿ ಮತ್ತೆ ಅಂಗೈ ತಿರುಗಿಸಿದಳು. ನಿಮ್ಮ ಕಡೆ ಸೋರುತ್ತದೆಯೇ ಎಂದು ಕೇಳುತ್ತಿದ್ದಳು.

"ಇಲ್ಲ ಕಣೇ," ಎಂದೆ. "ಒಂದು ಹನಿನೂ ಬರಲ್ಲ."

ಅವಳ ಮುಖದ ಎಡ ಅರ್ಧ ನಕ್ಕಿತು. ಸದ್ಯ, ನೀವಾದರೂ ಬೆಚ್ಚಗಿದ್ದೀರಲ್ಲ ಎನ್ನುವಂತೆ ನನ್ನ ಕೈಯನ್ನು ಎರಡು ಸಲ ತಟ್ಟಿ, ಸಮಾಧಾನದಿಂದ ಕಣ್ಣು ಮುಚ್ಚಿಕೊಂಡಳು.