ಬಲಗಡೆಯ ಬಾಗಿಲು

ಲಂಡನ್ ಹೇಗಿತ್ತು ಎಂದು ಹರಿಣಾಕ್ಷಿಯನ್ನು ಯಾರೂ ಕೇಳಬಾರದು. ಕೇಳಿದರೆ ದೊಡ್ಡ ಗಡಿಯಾರ, ನದಿ, ಸೇತುವೆ, ಉದ್ದ ಟೊಪ್ಪಿ ಹಾಕಿಕೊಂಡು ಕಣ್ಣು ಮಿಟುಕಿಸದೆ ನಿಲ್ಲುವ ಸಿಪಾಯಿ, ಎಲ್ಲವನ್ನೂ ಎರಡೇ ಮಾತಿನಲ್ಲಿ ಮುಗಿಸಿ ಅವಳು ಬಸ್ಸುಗಳು ಸಾಲಾಗಿ ನಿಂತಿದ್ದ ಒಂದು ಬಯಲಿಗೆ ನೇರವಾಗಿ ಬಂದುಬಿಡುತ್ತಾಳೆ. ಬಸ್ಸು ನೋಡುವುದಕ್ಕೆ ಇಂಗ್ಲೆಂಡಿಗೆ ಹೋಗಬೇಕಿತ್ತೇ, ಇಲ್ಲೇ ಕುವೈತಿನಲ್ಲಿ ನಮ್ಮ ಮಹಬೂಲಾದ ಮೂಲೆಯಲ್ಲಿ ನಿಂತರೆ ಕಂಪನಿ ಬಸ್ಸುಗಳು ಬೇಕಾದಷ್ಟು ಸಿಗುತ್ತವಲ್ಲ ಎಂದು ನನ್ನ ಗಂಡ ಆಗಸ್ಟಿನ್ ಅವಳನ್ನು ಈಗಲೂ ಕಾಡಿಸುತ್ತಾರೆ. ಅವಳು ಬೇಸರಪಡುವುದಿಲ್ಲ. ಕತೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ.

ಅವಳಿಗಿಂತ ಅಚ್ಚುಕಟ್ಟಾಗಿ ನಾನು ಹೇಳಬಲ್ಲೆ ಎಂಬ ಜಂಬ ನನಗಿದೆ. ಯಾಕೆಂದರೆ ಅವಳು ನಡುನಡುವೆ ಅಳುತ್ತಾಳೆ, ಆಮೇಲೆ ನಗುತ್ತಾಳೆ, ಕೇಳುವವರಿಗೆ ಎಳೆ ತಪ್ಪಿಹೋಗುತ್ತದೆ.

ಹರಿಣಾಕ್ಷಿ ಕಿನ್ನಿಗೋಳಿ ಕಡೆಯವಳು. ಅವಳ ಗಂಡ ಸುಂದರ ಇಲ್ಲಿ ಒಂದು ಹೋಟೆಲಿನ ಅಡುಗೆಯಲ್ಲಿದ್ದಾನೆ, ನಮ್ಮ ಫ್ಲಾಟಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಾನೆ. ಅವಳಿರುವುದು ಸಲ್ವಾದಲ್ಲಿ, ಉಮ್ಮ್ ನಾಸರ್ ಎಂಬ ಮುದುಕಿಯ ಮನೆಯಲ್ಲಿ. ಶುಕ್ರವಾರ ಮಧ್ಯಾಹ್ನ ರಜೆ ಸಿಕ್ಕಿದ ಕೂಡಲೇ ಬಸ್ಸು ಹತ್ತಿ ಮಹಬೂಲಾಕ್ಕೆ ಬರುತ್ತಾಳೆ. ಗಂಡ ಹೆಂಡತಿ ಮಾತಾಡುವುದು ಸ್ವಲ್ಪವೇ. ಉಳಿದ ಹೊತ್ತೆಲ್ಲ ಅವಳು ನನ್ನ ಅಡುಗೆಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಬಂಗುಡೆ ಕತ್ತರಿಸುತ್ತಾ ವಾರದ ಸುದ್ದಿ ಒಪ್ಪಿಸುತ್ತಾಳೆ. ನಾನು ಎಗೈಲಾದ ಬಟ್ಟೆ ಅಂಗಡಿಯಲ್ಲಿ ವಾರವಿಡೀ ಗಿರಾಕಿಗಳ ಮಾತು ಕೇಳಿ ತಲೆ ಕೆಟ್ಟವಳು. ಆದರೂ ಅವಳ ಮಾತಿಗೆ ಕಿವಿ ಕೊಡುತ್ತೇನೆ, ಮೀನು ಅಷ್ಟು ಚೆನ್ನಾಗಿ ಕತ್ತರಿಸುತ್ತಾಳೆ.

ಆ ಮಾತುಗಳಲ್ಲಿ ಮುಕ್ಕಾಲು ಪಾಲು ಮುದುಕಿಯ ಮೇಲಿನ ದೂರು. ಉಮ್ಮ್ ನಾಸರ್ ಕೆಟ್ಟವಳಲ್ಲ. ಬೈಯುವುದಿಲ್ಲ, ಕೈ ಎತ್ತುವುದಿಲ್ಲ, ಹೊಟ್ಟೆ ತುಂಬ ಊಟ, ಸರಿಯಾಗಿ ಸಂಬಳ. ಆದರೆ ಬಾಯಿ ಬಿಟ್ಟು ಒಂದು ಒಳ್ಳೆಯ ಮಾತು ಆಡಿದವಳಲ್ಲ. ಅವಳಿಗೆ ಮೊಣಕಾಲು ನೋವು, ರಕ್ತದೊತ್ತಡ. ಸ್ನಾನ, ಮಾತ್ರೆ, ಕಾಲಿಗೆ ಎಣ್ಣೆ, ರಾತ್ರಿ ಎದ್ದರೆ ಕೈಹಿಡಿಯುವುದು, ಎಲ್ಲವೂ ಹರಿಣಾಕ್ಷಿಯದೇ. ಕೆಲಸ ಮುಗಿದ ಮೇಲೆ ಮುದುಕಿ ಒಮ್ಮೆ ತಲೆ ಅಲ್ಲಾಡಿಸಿ ಟಿವಿ ಕಡೆ ತಿರುಗುತ್ತಾಳೆ.

"ಎಂಟು ವರ್ಷ ಆಯ್ತು ಮೊಲ್ಲಿಬಾಯಿ, ಗೋಡೆಗೆ ಸೇವೆ ಮಾಡಿದ ಹಾಗೆ," ಎನ್ನುತ್ತಿದ್ದಳು. "ನಾಳೆ ನಾನು ಹೋಗಿ ಬೇರೆಯವಳು ಬಂದ್ರೆ ಅದಕ್ಕೆ ಗೊತ್ತೇ ಆಗ್ಲಿಕ್ಕಿಲ್ಲ."

ಬಿಸಿಲು ಏರಿದರೆ ಆ ಮನೆಯವರೆಲ್ಲ ಲಂಡನ್ನಿಗೆ ಹೋಗಿ, ಅರಬ್ಬಿ ಬೋರ್ಡುಗಳೇ ತುಂಬಿದ ಒಂದು ರಸ್ತೆಯಲ್ಲಿ ಫ್ಲಾಟು ಹಿಡಿಯುವುದು ಪದ್ಧತಿ. ಎರಡು ಸಾವಿರದ ಏಳನೇ ಇಸವಿಯಲ್ಲಿ ಹರಿಣಾಕ್ಷಿಯನ್ನೂ ಕರೆದೊಯ್ದರು. ಅಲ್ಲಿಯೂ ಅದೇ ಮಾತ್ರೆ, ಅದೇ ಎಣ್ಣೆ. ಆಗ ಮುದುಕಿಯ ಮಗಳು ದಲಾಲ್ ಒಂದು ದಿನದ ಬಸ್ ಪ್ರವಾಸಕ್ಕೆ ಮೂರು ಸೀಟು ಮಾಡಿಸಿದಳು. ಗೈಡ್ ಜೊತೆಗಿರುತ್ತಾನೆ, ಬೆಳಿಗ್ಗೆ ಆಕ್ಸ್‌ಫರ್ಡ್, ಮಧ್ಯಾಹ್ನ ವಿಂಡ್ಸರ್, ಸಂಜೆಗೆ ವಾಪಸು. ಮುಂದಿನ ಎರಡು ಸೀಟು ತಾಯಿ ಮಗಳಿಗೆ, ಹಿಂದೆ ಒಂದು ಹರಿಣಾಕ್ಷಿಗೆ. ಹೊರಡುವ ಬೆಳಿಗ್ಗೆ ದಲಾಲಳ ಮಗುವಿಗೆ ಜ್ವರ ಬಂತು. ಹೋಗುವುದು ಬೇಡ ಎಂದು ಮಗಳು ಹೇಳಿದರೆ ಮುದುಕಿ ಆಗಲೇ ಕಪ್ಪು ಅಬಾಯಾ ಹೊದ್ದು, ಕಾಫಿಯ ಫ್ಲಾಸ್ಕನ್ನು ಕೈಚೀಲಕ್ಕೆ ತುರುಕಿ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ದೊಡ್ಡ ಕೋಟೆಯಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಾರೆ ಎಂದು ಅವಳಿಗೆ ನೋಡಬೇಕಿತ್ತಂತೆ. ಹಾಗೆ ಇಬ್ಬರೇ ಹೊರಟರು. ತಾಯಿಯ ಕೈ ಬಿಡಬೇಡ ಎಂದು ದಲಾಲ್ ಹರಿಣಾಕ್ಷಿಗೆ ಮೆಟ್ಟಿಲಿಳಿಯುವವರೆಗೂ ಹೇಳುತ್ತಲೇ ಇದ್ದಳು.

ಬಸ್ಸಿನ ಹತ್ತಿರ ಬಂದಾಗಲೇ ಮೊದಲ ಎಡವಟ್ಟು. ಕುವೈತಿನಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಆದ್ದರಿಂದ ಬಸ್ಸಿನ ಬಾಗಿಲೂ ಬಲಕ್ಕೇ. ಮುದುಕಿ ಮನೆಯ ಕಾರಿನಲ್ಲೂ ಯಾವಾಗಲೂ ಹಿಂದಿನ ಸೀಟಿನ ಬಲಗಡೆಯಿಂದಲೇ ಹತ್ತಿ ಇಳಿದವಳು. ಇಂಗ್ಲೆಂಡಿನಲ್ಲಿ ಎಲ್ಲವೂ ನಮ್ಮ ಊರಿನ ಹಾಗೆ ಎಡಕ್ಕೆ. ಉಮ್ಮ್ ನಾಸರ್ ಸೀದಾ ಬಸ್ಸಿನ ಬಲಗಡೆಗೆ, ಅಂದರೆ ರಸ್ತೆಯ ನಡುವಿಗೆ ನಡೆದಳು. ಹರಿಣಾಕ್ಷಿ ಓಡಿಹೋಗಿ ಎಳೆದು ತಂದಳು. ಆಕ್ಸ್‌ಫರ್ಡಿನಲ್ಲಿ ಹತ್ತುವಾಗಲೂ ಇದೇ ಆಯಿತು. ಕಿನ್ನಿಗೋಳಿ ಬಸ್ಸಿನ ಎಡಬಾಗಿಲಲ್ಲಿ ನೇತಾಡಿ ಬೆಳೆದ ನಮ್ಮವಳಿಗೆ ಒಳಗೊಳಗೇ ನಗು. ಮುದುಕಿ ಮಾತ್ರ ತಪ್ಪು ಬಸ್ಸಿನದೇ ಎಂಬಂತೆ ಮುಖ ಗಂಟಿಕ್ಕಿಕೊಂಡು ಹತ್ತಿದಳು.

ಬಸ್ಸಿನೊಳಗೆ ಇನ್ನೊಂದು ಸಂಗತಿ ನಡೆಯಿತು. ಮುದುಕಿ ಮುಂದಿನ ಸೀಟಿನಲ್ಲಿ ಕೂತು, ದಲಾಲಳ ಖಾಲಿ ಸೀಟಿನ ಮೇಲೆ ತನ್ನ ಕೈಚೀಲವನ್ನು ಇಟ್ಟಳು. ಹರಿಣಾಕ್ಷಿ ಅದನ್ನು ನೋಡಿ ಹಿಂದೆ ತನ್ನ ಸೀಟಿಗೆ ಹೋದಳು. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಮುಂದಿನವರ ತಲೆಗಳು, ಕಿಟಕಿಯಲ್ಲಿ ಅರ್ಧ ಆಕಾಶ. ಚೀಲಕ್ಕೂ ಒಂದು ಸೀಟು ಉಂಟು, ನನಗಿಲ್ಲ ಎಂದು ಅದನ್ನೇ ಮೆಲುಕು ಹಾಕುತ್ತಾ ಆಕ್ಸ್‌ಫರ್ಡಿನ ಹಳೆಯ ಗೋಡೆಗಳ ನಡುವೆ ಸುತ್ತಿದಳು. ಅಷ್ಟು ಹೊತ್ತಿಗೆ ಗೈಡ್ ಕೆಂಪು ಕೊಡೆ ಎತ್ತಿಕೊಂಡು ಯಾವ ರಾಜ ಯಾವ ಗೋಪುರ ಕಟ್ಟಿಸಿದ ಎಂದು ಹೇಳುತ್ತಿದ್ದ. ಅದರಲ್ಲಿ ಒಂದಕ್ಷರವೂ ಇವಳ ತಲೆಗೆ ಹೋಗಲಿಲ್ಲ. ಹೋಗದಿದ್ದದ್ದಕ್ಕೆ ಇಂಗ್ಲಿಷನ್ನು ಮಾತ್ರ ದೂರುವಂತಿಲ್ಲ.

ವಿಂಡ್ಸರಿನಲ್ಲಿ ಕೋಟೆಯ ಏರು ದಾರಿ ಕಂಡು ಮುದುಕಿಯ ಮೊಣಕಾಲು ಸೋತಿತು. ಕೆಳಗಿನಿಂದಲೇ ನೋಡಿದರು. ಒಣಹಾಕಿದ ಬಟ್ಟೆ ಎಲ್ಲೂ ಕಾಣಲಿಲ್ಲ. ಖಲಾಸ್, ಬಸ್ಸಿಗೆ ಹೋಗೋಣ ಎಂದಳು ಮುದುಕಿ. ಪ್ರವಾಸದ ಬಸ್ಸುಗಳೆಲ್ಲ ಒಂದು ದೊಡ್ಡ ಬಯಲಿನಲ್ಲಿ ಸಾಲಾಗಿ ನಿಂತಿದ್ದವು, ಬಹುಪಾಲು ಬಿಳಿಯವೇ. ತಮ್ಮ ಬಸ್ಸಿನ ಹಿಂಬದಿಗೆ ಬಂದಾಗ ಹರಿಣಾಕ್ಷಿಗೆ ಶೌಚಾಲಯಕ್ಕೆ ಹೋಗಲೇಬೇಕಾಯಿತು. ನೀನು ಹೋಗು, ನಾನು ಹತ್ತಿ ಕೂರುತ್ತೇನೆ ಎಂದು ಮುದುಕಿ ಕೈ ಬೀಸಿದಳು. ಬಾಗಿಲು ಹತ್ತು ಹೆಜ್ಜೆ ದೂರ, ಡ್ರೈವರ್ ಒಳಗಿದ್ದ. ಬೆಳಗಿನ ಸಿಟ್ಟೂ ಇನ್ನೂ ಆರಿರಲಿಲ್ಲ. ಹರಿಣಾಕ್ಷಿ ಕೈ ಬಿಟ್ಟು ಹೋದಳು.

ಅಲ್ಲಿ ಉದ್ದದ ಸಾಲು. ತಿರುಗಿ ಬಂದು ಬಸ್ಸು ಹತ್ತಿ ನೋಡಿದರೆ ಮುಂದಿನ ಎರಡೂ ಸೀಟು ಖಾಲಿ. ಮುದುಕಿ ಇಲ್ಲ, ಚೀಲವೂ ಇಲ್ಲ. ಯಾರೂ ಬರಲಿಲ್ಲ ಎಂದು ಡ್ರೈವರ್ ಕೈಯಾಡಿಸಿದ.

ಆ ಹೆಂಗಸಿಗೆ ಅರಬ್ಬಿ ಬಿಟ್ಟು ಬೇರೆ ಭಾಷೆ ಬಾರದು, ಓದು ಬಾರದು, ಫೋನಿಲ್ಲ. ಮಧ್ಯಾಹ್ನದ ಮಾತ್ರೆ ಇದ್ದದ್ದು ಹರಿಣಾಕ್ಷಿಯ ಬ್ಯಾಗಿನಲ್ಲಿ. ಅವಳು ಬಯಲೆಲ್ಲ ಓಡಿದಳು. ಮೇಲಿನ ರಸ್ತೆಗೆ ಹೋದಳು, ಪುನಃ ಶೌಚಾಲಯದಲ್ಲಿ ನೋಡಿದಳು, ಕಂಡ ಕಂಡವರಿಗೆ ಕಪ್ಪು ಬಟ್ಟೆ, ಮುದುಕಿ ಎಂದು ಕೈಸನ್ನೆ ಮಾಡಿದಳು. ಕೆಂಪು ಕೊಡೆಯ ಗೈಡ್ ಉಳಿದವರನ್ನು ಕರೆದುಕೊಂಡು ಬಂದ. ಪಾಪ, ಒಳ್ಳೆಯ ಮನುಷ್ಯ. ಸ್ವಲ್ಪ ಹೊತ್ತು ಕಾಯೋಣ, ಆಮೇಲೆ ಪೊಲೀಸರಿಗೆ ಹೇಳೋಣ ಎಂದು ಸಮಾಧಾನ ಮಾಡಿದ. ಪೊಲೀಸ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವಳಿಗೆ ದಲಾಲಳ ಮುಖ ಎದುರಿಗೆ ಬಂತು. ಆಮೇಲೆ ಬಂದದ್ದು ಮುದುಕಿಯ ಕಾಲು. ಬಾತ ಮೊಣಕಾಲಿನ ಆ ಜೋಡಿ ಕಾಲು ಈ ಊರಿನ ಯಾವ ಬೀದಿಯಲ್ಲಿ ನಡೆಯುತ್ತಿರಬಹುದು ಎಂದು ನೆನೆದು ಅವಳಿಗೆ ಅಳು ಒತ್ತಿ ಬಂತು. ಕೆಲಸ ಹೋಗುವ ಭಯ ಆಗ ತನ್ನ ಹತ್ತಿರ ಸುಳಿಯಲೇ ಇಲ್ಲ ಎನ್ನುತ್ತಾಳೆ. ನಾನು ನಂಬುತ್ತೇನೆ.

ಇನ್ನೊಮ್ಮೆ ಬಸ್ಸಿನೊಳಗೆ ನೋಡಿಬಿಡೋಣ ಎಂದು ಅವಳು ಹಿಂದಿನಿಂದ ಓಡಿಬಂದು, ಬಸ್ಸಿನ ಪಕ್ಕಕ್ಕೆ ತಿರುಗಿ, ಹತ್ತಲು ಕೈ ಚಾಚಿದಳು. ಕೈಗೆ ತಗಡು ತಾಗಿತು. ಬಾಗಿಲಿಲ್ಲ. ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಬೇರೆ ಬಸ್ಸಿಗೆ ಬಂದೆನೇ ಎಂದು ಎರಡು ಹೆಜ್ಜೆ ಮುಂದಕ್ಕೂ ಹೋದಳು. ಆಮೇಲೆ ತಿಳಿಯಿತು, ಬಸ್ಸು ತಮ್ಮದೇ, ತಾನು ನಿಂತಿರುವುದು ಬಲಗಡೆ. ಎಷ್ಟೋ ವರ್ಷಗಳ ಶುಕ್ರವಾರದ ಬಸ್ಸುಗಳು ಅವಳ ಕಾಲಿಗೂ ಕುವೈತಿನ ಅಭ್ಯಾಸ ಹಿಡಿಸಿಬಿಟ್ಟಿದ್ದವು. ತಲೆ ಕೆಟ್ಟ ಹೊತ್ತಿನಲ್ಲಿ ಕಿನ್ನಿಗೋಳಿ ನೆನಪಿಗೆ ಬರಲಿಲ್ಲ, ಸಲ್ವಾ ಬಂತು.

ಹಾಗಾದರೆ ಮುದುಕಿಯೂ ಇಲ್ಲಿಗೇ ಬಂದಿರಬೇಕು. ಬಾಗಿಲು ಕಾಣದೆ, ಇದು ನಮ್ಮ ಬಸ್ಸಲ್ಲ ಎಂದುಕೊಂಡು, ಬಾಗಿಲಿರುವ ಬಸ್ಸು ಹುಡುಕಿಕೊಂಡು ಹೋಗಿರಬೇಕು. ಆದರೆ ಈ ದೇಶದಲ್ಲಿ ಬಲಗಡೆ ಬಾಗಿಲಿನ ಬಸ್ಸು ಎಲ್ಲಿಂದ ಬರಬೇಕು?

ಅವಳು ಸಾಲಿನ ಹಿಂಬದಿಯಲ್ಲಿ ಓಡುತ್ತಾ ಒಂದೊಂದೇ ಬಸ್ಸಿನ ಬಲಗಡೆಗೆ ಇಣುಕಿದಳು. ತಗಡು, ಗಾಜು. ಮತ್ತೆ ತಗಡು, ಗಾಜು. ಸಾಲಿನ ಕೊನೆಯಲ್ಲಿ ಎಂಜಿನ್ ಚಾಲೂ ಮಾಡಿಕೊಂಡು ಒಂದು ಬಿಳಿ ಬಸ್ಸು ನಿಂತಿತ್ತು. ಸಮುದ್ರದಾಚೆಯ ಯಾವುದೋ ದೇಶದಿಂದ ಹಡಗಿನಲ್ಲಿ ದಾಟಿ ಬಂದ ಬಸ್ಸು, ಅಲ್ಲಿಯವರೂ ಕುವೈತಿನ ಹಾಗೆ ಬಲಕ್ಕೇ ಓಡಿಸುವವರು ಎಂದು ಗೈಡ್ ಆಮೇಲೆ ತಿಳಿಸಿದ. ಅದರ ಬಲಗಡೆ, ಎಲ್ಲಿರಬೇಕೋ ಅಲ್ಲಿಯೇ, ಬಾಗಿಲು ತೆರೆದಿತ್ತು.

ಹತ್ತಿ ನೋಡಿದರೆ ಉಮ್ಮ್ ನಾಸರ್ ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಿದ್ದಾಳೆ. ಆ ಬಸ್ಸಿನ ಡ್ರೈವರ್, ದಪ್ಪ ಮೀಸೆಯ ಗಂಡಸು, ಅವಳ ಫ್ಲಾಸ್ಕಿನ ಏಲಕ್ಕಿ ಕಾಫಿಯನ್ನು ಕಾಗದದ ಲೋಟದಲ್ಲಿ ಕುಡಿಯುತ್ತಾ, ಯಾರಪ್ಪಾ ಇವಳು ಎಂಬಂತೆ ನೋಡುತ್ತಿದ್ದಾನೆ. ಹಿಂದೆ ಒಬ್ಬಳು ಬಿಳಿಯ ಹೆಂಗಸು ಖರ್ಜೂರ ತಿನ್ನುತ್ತಿದ್ದಾಳೆ. ಕುವೈತಿನ ಮನೆಗೆ ಬಂದವರನ್ನು ಹಾಗೆಯೇ ಕಳಿಸುವ ಪದ್ಧತಿಯಿಲ್ಲ, ಮುದುಕಿ ಅದನ್ನು ಬಸ್ಸಿನಲ್ಲೂ ಬಿಟ್ಟಿರಲಿಲ್ಲ.

ಹರಿಣಾಕ್ಷಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆಯೇ ಕುಸಿದು ಕೂತು ಹೋ ಎಂದು ಅತ್ತಳು. ಇಷ್ಟು ವರ್ಷಗಳಲ್ಲಿ ಆ ಮುಖ ಕಂಡು ಅಷ್ಟು ಸಂತೋಷ ಅವಳಿಗೆ ಒಂದು ದಿನವೂ ಆಗಿರಲಿಲ್ಲ. ಬೈಯಬೇಕು ಎನ್ನಿಸಿತು, ಕಾಲು ಹಿಡಿಯಬೇಕು ಎನ್ನಿಸಿತು, ನಗುವೂ ಬಂತು. ಮುದುಕಿಗೆ ಇದೇನು ಗಲಾಟೆ ಎಂದು ತಿಳಿಯಲಿಲ್ಲ. ತನ್ನ ಬಸ್ಸಿನಲ್ಲಿ ತಾನು ಕೂತಿದ್ದೇನೆ, ಕಾಣೆಯಾದವಳು ಇವಳು ಎಂದೇ ಅವಳ ಲೆಕ್ಕ.

"ಮಾಮಾ, ಇದು ನಮ್ಮ ಬಸ್ಸಲ್ಲ," ಎಂದಳು ಹರಿಣಾಕ್ಷಿ ತನ್ನ ಹರಕು ಅರಬ್ಬಿಯಲ್ಲಿ. ಕುವೈತಿನಲ್ಲಿ ಕೆಲಸದವರು ಮನೆಯೊಡತಿಯನ್ನು ಮಾಮಾ ಎಂದೇ ಕರೆಯುವುದು.

ಮುದುಕಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಸೀಟಿನ ಮೇಲೆ ಬೆಳಿಗ್ಗೆಯ ಹಾಗೆಯೇ ಕೈಚೀಲವಿತ್ತು. ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಖಾಲಿಯಾದ ಸೀಟನ್ನು ಅಂಗೈಯಿಂದ ತಟ್ಟಿದಳು.

"ಯಲ್ಲಾ, ಬಾ ಬೇಗ, ಈಗಲಾದರೂ ಇಲ್ಲಿ ಕೂರು. ಬೆಳಿಗ್ಗೆಯಿಂದ ನಿನಗೆಂದು ಜಾಗ ಇಟ್ಟಿದ್ದೇನೆ. ನೀನು ಪ್ರತಿ ಸಲವೂ ನನ್ನನ್ನು ಬಿಟ್ಟು ಹಿಂದೆ ಹೋಗುತ್ತೀ. ಒಬ್ಬಳೇ ಕೂತು ನನಗೆ ಭಯವಾಗುತ್ತದೆ ಎಂದು ನಿನಗೆ ಗೊತ್ತಿಲ್ಲವೇ?"

ಸರಿಯಾದ ಬಸ್ಸಿಗೆ ಅವಳನ್ನು ಎಬ್ಬಿಸಿಕೊಂಡು ಬಂದದ್ದು ಬೇರೆಯೇ ಸಾಹಸ, ಫ್ಲಾಸ್ಕಿನ ಮುಚ್ಚಳ ಹುಡುಕುವುದರಲ್ಲೇ ಮೀಸೆಯ ಡ್ರೈವರಿಗೆ ಹೊತ್ತಾಯಿತು. ಗೈಡ್ ಇಬ್ಬರನ್ನೂ ಕಂಡು ಕೊಡೆ ಕೆಳಗಿಳಿಸಿ ದೊಡ್ಡ ಉಸಿರು ಬಿಟ್ಟ. ಮರಳಿ ಬರುವಾಗ ಹರಿಣಾಕ್ಷಿ ಮುಂದಿನ ಸೀಟಿನಲ್ಲಿ ಕೂತಳು. ದೊಡ್ಡ ಗಾಜಿನಾಚೆ ಇಂಗ್ಲೆಂಡು ಅವಳಿಗೆ ಸರಿಯಾಗಿ ಕಂಡದ್ದು ಆಗಲೇ, ಹಸಿರು ಗದ್ದೆ, ಕುರಿ, ಹೆಂಚಿನ ಮನೆಗಳು. ಮಾತ್ರೆ ಕೊಟ್ಟಳು. ಮುದುಕಿ ನುಂಗಿ, ಎಂದಿನಂತೆ ಒಮ್ಮೆ ತಲೆ ಅಲ್ಲಾಡಿಸಿ ಕಿಟಕಿ ಕಡೆ ತಿರುಗಿದಳು.

ಈಗಲೂ ಮುದುಕಿ ಒಂದು ಒಳ್ಳೆಯ ಮಾತು ಆಡುವುದಿಲ್ಲವಂತೆ. ಹರಿಣಾಕ್ಷಿಯ ದೂರೂ ನಿಂತಿಲ್ಲ, ಸ್ಟೂಲೂ ಖಾಲಿಯಿಲ್ಲ. ಆದರೆ ವಿಂಡ್ಸರಿನ ಕತೆ ಮುಗಿಸುವಾಗ ಮಾತ್ರ ಅವಳು ಮೀನಿನ ಕತ್ತಿ ಕೆಳಗಿಡುತ್ತಾಳೆ.

"ಕಿಟಕಿಯಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯುವ ಊರಿನವಳು ನಾನು, ಮೊಲ್ಲಿಬಾಯಿ," ಎನ್ನುತ್ತಾಳೆ. "ಅದು ಬ್ಯಾಗ್ ಇಟ್ಟದ್ದು ಎಂತಕ್ಕೆ ಅಂತ ನನಗೆ ಗೊತ್ತಾಗ್ಲಿಲ್ಲ ನೋಡಿ."