ಚಕ್ರಪಾಣಿಯವರು ಎಳೆದ ಎರಡನೆಯ ದಾರಿ

ಗಿರಿನಗರದ ಚಕ್ರಪಾಣಿಯವರು ನಿವೃತ್ತ ಎಂಜಿನಿಯರು. ಸಲಹೆ ಕೊಡುವುದರಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಮನೆಯ ಮಹಡಿಯಲ್ಲೊಂದು, ಕೆಳಗೊಂದು ಲಿನಕ್ಸ್ ರೌಟರ್ ಇಟ್ಟು, ಎರಡರಲ್ಲೂ ವೈರನ್ನೂ ವೈಫೈಯನ್ನೂ ಬ್ರಿಡ್ಜ್ ಮಾಡಿದ್ದರು. ಅಂದರೆ, ವೈರಿನಲ್ಲಿ ಒಳಬಂದದ್ದು ವೈಫೈನಲ್ಲಿ, ವೈಫೈನಲ್ಲಿ ಬಂದದ್ದು ವೈರಿನಲ್ಲಿ ಹೊರಡಬೇಕು. ರೌಟರುಗಳು ವೈಫೈನಲ್ಲೇ ಪರಸ್ಪರ ಮಾತಾಡಿಕೊಂಡು ಸುಖವಾಗಿದ್ದವು.

ಅಂದು ಹೆಂಡತಿ ಸೀತಾಲಕ್ಷ್ಮಿಯವರ ಮೊದಲ ಆನ್‌ಲೈನ್ ಹಸೆಹಾಡಿನ ತರಗತಿ. ಗಂಡನಾದವರು ಸುಮ್ಮನಿರಲಾದೀತೆ? ಎರಡು ದಾರಿಯಿದ್ದರೆ ಗಟ್ಟಿ ಎಂದು ರೌಟರುಗಳ ನಡುವೆ ಕೇಬಲ್ಲನ್ನೂ ಎಳೆದರು. ಮೊದಲ ಸಾಲಿಗೇ ಹಾಡು ನಿಂತಿತು.

"ಏನ್ರೀ ಮಾಡಿದ್ರಿ?"

"ನಾನಾ? ಇನ್ನೊಂದು ದಾರಿ ಕೊಟ್ಟೆ, ಅಷ್ಟೇ."

ಹೇಳುವಾಗಲೇ ಅವರಿಗೆ ಹೊಳೆಯಿತು. ವೈಫೈನಲ್ಲಿ ಹೋದ ಸಂದೇಶ ಕೇಬಲ್ಲಿನಲ್ಲಿ ವಾಪಸು ಬಂದು, ಮತ್ತೆ ವೈಫೈಗೆ ಹಾರಿ, ಕೊನೆಯಿಲ್ಲದೆ ಸುತ್ತುತ್ತಿತ್ತು. ಹಾಡಿಗೆ ಜಾಗವೇ ಉಳಿದಿರಲಿಲ್ಲ. ಕೇಬಲ್ ಕಿತ್ತರು. ಶಿಷ್ಯೆಯರ ಮುಖಗಳು ಒಂದೊಂದಾಗಿ ಮರಳಿದವು.

"ಏನಾಗಿತ್ತು ಆಂಟಿ?" ಎಂದಳು ಒಬ್ಬಳು.

ಚಕ್ರಪಾಣಿ ಕೇಬಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ನೆಟ್ ಕೈಕೊಟ್ಟಿತ್ತಮ್ಮ. ನಮ್ಮನೆಯವ್ರು ಒಂದೇ ನಿಮಿಷದಲ್ಲಿ ಸರಿಮಾಡಿದ್ರು" ಎಂದರು ಸೀತಾಲಕ್ಷ್ಮಿ. ಆಮೇಲೆ ಮೈಕ್ ಆರಿಸಿ ಗಂಡನತ್ತ ತಿರುಗಿದರು: "ಕ್ಲಾಸ್ ಮುಗಿಯೋವರ್ಗೂ ಸೋಫಾ ಬಿಟ್ಟು ಏಳ್ಬೇಡಿ."

ಚಕ್ರಪಾಣಿ ಕುಳಿತರು. ಮುಖದಲ್ಲಿ ಮಾತ್ರ ನೆಟ್ ಸರಿಮಾಡಿದವರ ಗಾಂಭೀರ್ಯವೇ ಇತ್ತು.